ಇಲ್ಲದ ನೀರು

ಅಜ್ಜಿ ಕರಡಿಗೆಯ ಮುಚ್ಚಳ ತೆಗೆದಾಗ ನಾನು ತಟ್ಟೆಗೆ ಕಣಗಿಲೆ ಹೂ ಜೋಡಿಸುತ್ತಿದ್ದೆ. ಮುಚ್ಚಳದ ಸಣ್ಣ ಸದ್ದು ಕೇಳಿಸಿತು. ದಿನವೂ ಆ ಸದ್ದಿನ ಬೆನ್ನಿಗೇ ಅಜ್ಜಿಯ ಬಾಯಿಂದ ಮಂತ್ರ ಹೊರಡುತ್ತದೆ. ಈ ಸಲ ಹೊರಡಲಿಲ್ಲ. ತಲೆಯೆತ್ತಿ ನೋಡಿದೆ. ಎಡ ಅಂಗೈ ಚಾಚಿ, ಬಲಗೈಯಲ್ಲಿ ಬೆಳ್ಳಿ ಕರಡಿಗೆಯನ್ನು ಬೋರಲು ಹಿಡಿದು ಕೂತಿದ್ದಳು. ಅಂಗೈ ಮೇಲೆ ಏನೂ ಬಿದ್ದಿರಲಿಲ್ಲ.

"ಲಿಂಗ ಇಲ್ಲ ಕಣವ್ವ," ಅಂದಳು.

ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ. ಉಪ್ಪು ಮುಗಿದಿದೆ ಅನ್ನುವಷ್ಟು ಮೆಲ್ಲಗೆ ಅಂದಳು.

ನನ್ನ ತಾಯಿಯ ತಾಯಿ ಸಿದ್ದಲಿಂಗಮ್ಮ. ಎಂಬತ್ತರ ಹತ್ತಿರದ ಜೀವ. ಹುಡುಗಿಯಾಗಿದ್ದಾಗ ಗುರುಗಳು ಕಟ್ಟಿದ ಇಷ್ಟಲಿಂಗ ಅವಳ ಮೈ ಬಿಟ್ಟು ಹೋದದ್ದಿಲ್ಲ. ಸ್ನಾನವಾದ ಮೇಲೆ ಅದನ್ನು ಅಂಗೈಯಲ್ಲಿಟ್ಟು, ವಿಭೂತಿ ಧರಿಸಿ ಪೂಜಿಸದೆ ಒಂದು ಗುಟುಕು ನೀರೂ ಅವಳ ಗಂಟಲಿಗೆ ಇಳಿಯದು. ಹೆತ್ತ ದಿನಗಳಲ್ಲೂ, ಅಜ್ಜ ತೀರಿಕೊಂಡ ದಿನವೂ ಅದನ್ನು ತಪ್ಪಿಸಿದವಳಲ್ಲ.

ಇವತ್ತು ಬೆಳಿಗ್ಗೆ ನಾವು ಟಿ. ನರಸೀಪುರದಿಂದ ನಂಜನಗೂಡಿಗೆ ಹೋಗಿದ್ದೆವು. ನಂಜನಗೂಡು ನನ್ನ ಊರು. ಅಜ್ಜಿಗೆ ಹೊಟ್ಟೆನೋವು ಶುರುವಾದಾಗಿನಿಂದ ನಾನು ಟಿ. ನರಸೀಪುರದ ಸೋದರಮಾವನ ಮನೆಯಲ್ಲೇ ಇದ್ದೆ. ಡಿಗ್ರಿ ಮುಗಿದು ಮನೆಯಲ್ಲಿ ಕೂತಿದ್ದ ನನಗೆ ಅವಳನ್ನು ನೋಡಿಕೊಳ್ಳುವುದೇ ಕೆಲಸ. ಹೊಟ್ಟೆಯ ಸ್ಕ್ಯಾನಿಂಗಿಗೆ ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದು ಅಂದಿದ್ದರು. ಹೇಗೂ ತಿನ್ನುವಂತಿಲ್ಲವಲ್ಲ, ಬಂದ ಮೇಲೆ ಮಿಂದು ಪೂಜೆ ಮಾಡಿ ಉಣ್ಣುತ್ತೇನೆ ಎಂದು ಅಜ್ಜಿ ಬೆಳಗಿನ ಬಸ್ಸು ಹತ್ತಿದ್ದಳು. ಅಲ್ಲಿ ಸ್ಕ್ಯಾನಿಂಗಿನ ಜೊತೆಗೆ ಎದೆಯ ಎಕ್ಸ್‌ರೇ ಕೂಡ ಬರೆದುಕೊಟ್ಟರು. "ಕೊರಳಲ್ಲಿರೋದೆಲ್ಲ ತೆಗೀಬೇಕಮ್ಮ, ಬೇಗ ಬೇಗ," ಅಂದ ಅಲ್ಲಿನವನು. ಅಜ್ಜಿ ಗೋಡೆ ಕಡೆ ತಿರುಗಿ ಏನೋ ಮಾಡಿ ಕರಡಿಗೆಯನ್ನು ನನ್ನ ಕೈಗಿಟ್ಟಳು. ಎಕ್ಸ್‌ರೇ ಮುಗಿದ ಮೇಲೆ ನಾನೇ ಅದನ್ನು ಅವಳ ಕೊರಳಿಗೆ ಹಾಕಿದೆ. ವಾಪಸು ಬರುವಾಗ ದಾರಿಯುದ್ದಕ್ಕೂ ನನ್ನ ಹೆಗಲ ಮೇಲೆ ನಿದ್ದೆ ಹೋದಳು.

"ಲಿಂಗಾನ ಇನ್ನೊಬ್ರ ಕೈಗೆ ಕೊಟ್ಟಾರೇ?" ಅಜ್ಜಿ ಈಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. "ವಸ್ತ್ರದಲ್ಲಿ ಸುತ್ತಿ ಸೀರೆ ಸೊಂಟದ ಗಂಟಿಗೆ ಕಟ್ಟಿದ್ನಲ್ಲ... ಕಟ್ಟಿ... ಮರ್ತೇಬುಟ್ಟೆ."

ಆ ಸೀರೆ.

ನಮ್ಮ ಮನೆಗಳಲ್ಲಿ ಆಸ್ಪತ್ರೆಗೆ ಉಟ್ಟು ಹೋದ ಬಟ್ಟೆ ನಡುಮನೆಗೆ ಬರುವಂತಿಲ್ಲ. ಅಜ್ಜಿ ಹಿತ್ತಿಲ ಬಚ್ಚಲಿಗೆ ಹೋದವಳು ಬಾಗಿಲ ಸಂದಿಯಿಂದ ಸೀರೆಯನ್ನು ಹೊರಕ್ಕೆ ಎಸೆದಿದ್ದಳು. ಅತ್ತೆ ಅದನ್ನು ಅಲ್ಲಿಂದಲೇ ಎತ್ತಿ, ಪಕ್ಕದಲ್ಲಿದ್ದ ವಾಷಿಂಗ್ ಮೆಷಿನ್ನಿಗೆ ತುರುಕಿ ಗುಂಡಿ ಒತ್ತಿದ್ದರು. ಅಜ್ಜಿ ಮಿಂದು ಬರುವಷ್ಟರಲ್ಲಿ ಅನ್ನವೂ ಆಗಿತ್ತು. ಪೂಜೆ ಎಷ್ಟು ಹೊತ್ತಿನದು ಎಂದು, ದಿನದಂತೆ, ಅತ್ತೆ ಅಜ್ಜಿಯ ತೋಳಿಗೆ ಇನ್ಸುಲಿನ್ ಚುಚ್ಚಿಬಿಟ್ಟಿದ್ದರು.

ಇನ್ಸುಲಿನ್ ಒಳಗೆ ಹೋಗಿದೆ. ರಾತ್ರಿಯಿಂದ ಹೊಟ್ಟೆ ಬರಿದು. ಇನ್ನು ಅಜ್ಜಿ ಬಾಯಿಗೆ ಏನನ್ನೂ ಹಾಕುವುದಿಲ್ಲ.

ಹಿತ್ತಿಲಿಗೆ ಓಡಿದೆ. ಮೆಷಿನ್ ತಿರುಗುತ್ತಿರಲಿಲ್ಲ. ಒಳಗೆ ಪಂಪು ಮಾತ್ರ, ತಳ ಕಂಡ ಲೋಟದಿಂದ ಕೊನೆಯ ಗುಟುಕು ಹೀರಿದ ಹಾಗೆ, ಗೊರಗೊರ ಅನ್ನುತ್ತಿತ್ತು. ಮೆಷಿನ್ನಿನ ಮುಖದ ಮೇಲೆ ಕೆಂಪಕ್ಷರಗಳು ಮಿನುಗುತ್ತಿದ್ದವು. ದುಂಡು ಗಾಜಿನಾಚೆ ಅಜ್ಜಿಯ ಹಸಿರು ಸೀರೆ ಮುದ್ದೆಯಾಗಿ ಗಾಜಿಗೆ ಒತ್ತಿಕೊಂಡಿತ್ತು. ನೀರು ಕಾಣಲಿಲ್ಲ. ಬಾಗಿಲು ಎಳೆದೆ. ಬರಲಿಲ್ಲ. ಆಫ್ ಗುಂಡಿ ಒತ್ತಿದೆ. ಕೇಳಲಿಲ್ಲ. ಕೊನೆಗೆ ಗೋಡೆಯ ಸ್ವಿಚ್ಚು ಆರಿಸಿದೆ. ಗೊರಗೊರ ನಿಂತಿತು, ಬೀಗ ಬಿಡಲಿಲ್ಲ.

ಆ ಅಕ್ಷರಗಳನ್ನು ಫೋನಿನಲ್ಲಿ ಹುಡುಕಿದೆ. ನೀರಿನ ಮಟ್ಟ ಅಳೆಯುವ ಸೆನ್ಸರಿನ ದೋಷ ಅಂತ ಬಂತು. ಹೊಟ್ಟೆ ಖಾಲಿ ಇದ್ದರೂ ಮೆಷಿನ್ನು ತನ್ನೊಳಗೆ ನೀರು ತುಂಬಿದೆ ಎಂದುಕೊಂಡಿದೆ. ತುಂಬಿದ ನೀರು ಮನೆಯೊಳಗೆ ಚೆಲ್ಲದಿರಲಿ ಎಂದು ಬಾಗಿಲು ಬಿಡುತ್ತಿಲ್ಲ.

"ಗಾಜು ಒಡೆದಾಕ್ಬುಡು," ಅಂದರು ಬೆನ್ನ ಹಿಂದೆ ಅತ್ತೆ. ಕೈಯಲ್ಲಿ ಒನಕೆ ಇತ್ತು.

"ಚೂರೆಲ್ಲ ಒಳಗೆ ಬೀಳುತ್ತೆ ಅತ್ತೆ. ಲಿಂಗದ ಮೇಲೇ ಬೀಳುತ್ತೆ."

ಅತ್ತೆ ಒನಕೆ ಕೆಳಗಿಟ್ಟರು. ಒಡೆದ ಲಿಂಗವನ್ನು ಧರಿಸುವಂತಿಲ್ಲ. ಅದು ನನಗಿಂತ ಅತ್ತೆಗೆ ಚೆನ್ನಾಗಿ ಗೊತ್ತು. ಕಳೆದುಹೋದರೆ ಹುಡುಕಬಹುದು, ಒಡೆದರೆ ಅಜ್ಜಿಯ ಎದುರು ಹೋಗಿ ಏನೆಂದು ಹೇಳುವುದು?

ಊರಿನ ಮೆಕ್ಯಾನಿಕ್ ತಲಕಾಡಿಗೆ ಮದುವೆಗೆ ಹೋಗಿದ್ದ. ಕಂಪನಿಯವರು ನಾಡಿದ್ದು ಅಂದರು. ಮಾವ ಬನ್ನೂರಿನ ಕಡೆ ಗದ್ದೆಯಲ್ಲಿದ್ದರು, ಫೋನು ಹೋಗುತ್ತಿರಲಿಲ್ಲ. ಆಗ ನಂಜನಗೂಡಿನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯ ಪ್ರೇಮ್‌ಕುಮಾರ್ ನೆನಪಾದರು. ನಮ್ಮ ಮನೆಯ ಮೆಷಿನ್ನನ್ನು ಅವರೇ ರಿಪೇರಿ ಮಾಡುವುದು. ಅವರು ಬಂದಾಗಲೆಲ್ಲ ನಾನು ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಹೊಸಬರೊಡನೆ ಫೋನಿನಲ್ಲಿ ಮಾತಾಡಬೇಕಾದರೆ ಹೇಳಬೇಕಾದ್ದನ್ನು ಮೊದಲು ಬರೆದಿಟ್ಟುಕೊಳ್ಳುವವಳು ನಾನು. ಈಗ ಬರೆದುಕೊಳ್ಳಲು ಹೊತ್ತಿರಲಿಲ್ಲ.

"ಯಾರು? ಅರ್ಪಿತಾನಾ? ನಮ್ ಬಸವಪ್ರಸಾದಣ್ಣನ ಮಗಳು ಅರ್ಪಿತಾನಾ?" ಅಂದರು. "ನಿಂಗೆ ಮಾತು ಬತ್ತದೆ ಅಂತ ನಂಗೆ ಗೊತ್ತೇ ಇರ್ನಿಲ್ಲ ಕಣವ್ವ!" ಎಂದು ನಗಲು ಶುರುಮಾಡಿದವರು ನಾನು ಹೇಳಿದ್ದು ಕೇಳುತ್ತ ಕೇಳುತ್ತ ನಗು ನಿಲ್ಲಿಸಿದರು. "ಯಾವ ಗುಂಡೀನೂ ಒತ್ಬ್ಯಾಡ. ಹೊರಟೆ."

ನಡುಮನೆಯಲ್ಲಿ ಅಜ್ಜಿ ಗೋಡೆಗೊರಗಿ ಕೂತಿದ್ದಳು. ಬೋರಲು ಬಿದ್ದ ಕರಡಿಗೆ ಮಡಿಲಲ್ಲಿತ್ತು. ನಾನು ಸಕ್ಕರೆ ನೀರಿನ ಲೋಟ ಹಿಡಿದು ಮುಂದೆ ಕೂತೆ.

"ಅಜ್ಜಿ, ಒಂದೇ ಗುಟುಕು. ಔಷಧಿ ಅಂತ ಕುಡಿ."

"ಔಷ್ದಿಯಾದ್ರೂ ಬಾಯಿಂದಲೇ ಹೋಗ್ಬೇಕಲ್ವೇ?"

"ಇನ್ಸುಲಿನ್ ತಗೊಂಡು ಏನೂ ತಿನ್ನದಿದ್ದರೆ ಏನಾಗುತ್ತೆ ಗೊತ್ತಾ?"

"ಗೊತ್ತು ಕಣವ್ವ. ಡಾಕುಟ್ರು ಯೋಳವ್ರೆ." ನನ್ನ ಕೆನ್ನೆ ಮುಟ್ಟಿದಳು. ಬೆರಳು ತಣ್ಣಗಿತ್ತು, ಒದ್ದೆಯಾಗಿತ್ತು. "ಅವನು ಅಲ್ಲಿ ನೀರಲ್ಲಿ ಮುಳುಗವ್ನೆ. ನಾನಿಲ್ಲಿ ಕೂತ್ಕೊಂಡು ಸಕ್ರೆ ನೀರು ಕುಡೀಲಾ?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಪಕ್ಕದ ಮನೆಯ ಮರಿಯಯ್ಯ ಆಟೋ ತಂದು ಬಾಗಿಲಿಗೆ ನಿಲ್ಲಿಸಿದ. ಕಣ್ಣು ಮೇಲಾದರೆ ಎತ್ತಿಕೊಂಡು ಆಸ್ಪತ್ರೆಗೆ ಹೋಗುವುದು ಎಂದು ಅತ್ತೆ ಅವನಿಗೆ ಹೇಳುತ್ತಿದ್ದದ್ದು ಕೇಳಿಸಿತು. ಅಜ್ಜಿಗೂ ಕೇಳಿಸಿತು. "ಕೊರಳು ಬರಿದು ಮಾಡ್ಕಂಡು ನಾನೆಲ್ಲಿಗೂ ಬರಾಕಿಲ್ಲ," ಅಂದಳು.

ಕಾಯುವುದು ಅಂದರೆ ಏನೆಂದು ನನಗೆ ಇವತ್ತು ತಿಳಿಯಿತು. ಬೀದಿಯಲ್ಲಿ ಹೋದ ಪ್ರತಿಯೊಂದು ಬೈಕಿನ ಸದ್ದಿಗೂ ಎದ್ದು ನಿಂತೆ. ಅಜ್ಜಿಯ ಹಣೆಯ ಮೇಲೆ ಬೆವರು ಹನಿಗಟ್ಟಿತು. ವಿಭೂತಿ ಇಲ್ಲದ ಆ ಹಣೆಯನ್ನು ನಾನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಯಾರದೋ ಹಣೆ ಅನ್ನಿಸಿತು. ತುಟಿ ಮಾತ್ರ ಅಲುಗುತ್ತಿತ್ತು. ಮಂತ್ರವೋ ನಡುಕವೋ ಗೊತ್ತಾಗಲಿಲ್ಲ.

ಕೊನೆಗೂ ಪ್ರೇಮ್‌ಕುಮಾರ್ ಬಂದರು. ಹೆಲ್ಮೆಟ್ಟು ಕಳಚುತ್ತಲೇ ಹಿತ್ತಿಲಿಗೆ ನಡೆದರು.

"ಎಲ್ಲವ್ನೆ ನಮ್ ಪೇಶೆಂಟು?" ಎನ್ನುತ್ತ ಮೆಷಿನ್ನಿನ ಮುಂದೆ ಕುಕ್ಕರಿಸಿದರು. ಅತ್ತೆಯ ಮುಖ ನೋಡಿ, "ತಮಾಷೆ ಮಾಡ್ದೆ ಹೋದ್ರೆ ನಂಗೆ ಕೈ ಓಡಾಕಿಲ್ಲ ಕಣಕ್ಕ, ಬೇಜಾರು ಮಾಡ್ಕಬ್ಯಾಡಿ," ಅಂದರು.

ಕೆಳಗಿನ ಸಣ್ಣ ಮುಚ್ಚಳ ತಿರುಗಿಸಿ ತಟ್ಟೆ ಹಿಡಿದರು. ಒಂದು ಲೋಟದಷ್ಟು ಬೂದು ನೀರು ಬಂದು ನಿಂತಿತು. "ನೋಡಿ, ಒಳಗೆ ನೀರಿಲ್ಲ. ಪಂಪು ಚೆನ್ನಾಗದೆ. ಇಲ್ಲದ ನೀರಿಗೆ ಇದು ಹೆದರ್ಕಂಡು ಕೂತದೆ."

"ಬಾಗಿಲು ಹಂಗೇ ತೆಗ್ಯಕ್ಕಾಗಲ್ವಾ?" ಅಂದರು ಅತ್ತೆ.

"ಕೆಲವಕ್ಕೆ ಎಳಿಯೋ ದಾರ ಕೊಟ್ಟಿರ್ತಾರೆ. ಇದಕ್ಕಿಲ್ಲ. ಮೇಲಿಂದ ಕೈ ಬಿಟ್ಟು ಬೀಗ ಜಗ್ಗಾನ ಅಂದ್ರೆ, ಅಡ್ಡಕ್ಕೆ ಸಿಮೆಂಟಿನ ತೂಕದ ಕಲ್ಲು ಕೂರ್ಸವ್ರೆ. ಬೆರಳೂ ತೂರಾಕಿಲ್ಲ."

ಮೇಲಿನ ಹಲಗೆ ಬಿಚ್ಚಿದರು. ಒಳಗೆ ಮೂಲೆಯಲ್ಲಿ ರೂಪಾಯಿಯಗಲದ ಒಂದು ಡಬ್ಬಿ. ಅದಕ್ಕೆ ಕೆಳಗಿನಿಂದ ಬಂದು ಸೇರಿದ, ಪೆನ್ನಿನ ರೀಫಿಲ್ಲಿಗಿಂತ ಕೊಂಚ ದಪ್ಪದ ಕಪ್ಪು ಟ್ಯೂಬು.

"ಈ ಡಬ್ಬೀನೇ ಸೆನ್ಸರು. ಇದು ನೀರು ಮುಟ್ಟಾಕೇ ಇಲ್ಲ. ಕೆಳಗೆ ನೀರೇರಿದಂಗೆ ಟ್ಯೂಬಿನ ಗಾಳಿ ಅದುಮ್ಕತದೆ. ಆ ಅದುಮು ನೋಡಿ, ಓ ಇಷ್ಟು ನೀರದೆ ಅಂತ ತಿಳ್ಕತದೆ. ನೀರು ಹೋದ್ಮೇಲೂ ಗಾಳಿ ಬಿಡ್ಲಿಲ್ಲ ಅಂದ್ರೆ? ಪಾಪ, ಇದಕ್ಕೇನು ಕಣ್ಣದೆಯಾ?"

ಟ್ಯೂಬಿನ ತುದಿಯನ್ನು ಉಗುರಿನಿಂದ ಸರಿಸಿ ಕಿತ್ತರು. ಸಣ್ಣಗೆ ಉಸ್ ಎಂದಿತು. ಅತ್ತೆ ಬೆಚ್ಚಿದರು.

"ಅರ್ಧ ಗೊತ್ತಾಯ್ತು," ಎಂದರು ಪ್ರೇಮ್‌ಕುಮಾರ್. "ಈಗ ಟ್ಯೂಬಿಲ್ದೆ ಕರೆಂಟು ಕೊಡ್ತೀನಿ. ಆಗ್ಲೂ ತುಂಬದೆ ಅಂದ್ರೆ ಸೆನ್ಸರೇ ಸತ್ತದೆ, ಮೈಸೂರಿಂದ ಹೊಸದು ಬರ್ಬೇಕು. ಖಾಲಿ ಅಂದ್ರೆ ಸೆನ್ಸರು ಸರಿಯಾಗದೆ, ಟ್ಯೂಬಲ್ಲಿ ಕಟ್ಕಂಡದೆ. ಖಾಲಿ ಅಂತ ಗೊತ್ತಾದ್ರೆ ಬೀಗ ಬಿಡಿಸಬೋದು." ಪ್ಲಗ್ಗನ್ನು ಸಾಕೆಟ್ಟಿಗೆ ಸೇರಿಸಿದರು. ಗೋಡೆಯ ಸ್ವಿಚ್ಚಿನ ಕಡೆ ಕೈ ಚಾಚಿದರು.

ನಾನು ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದೆ. ಆ ಕ್ಷಣದಲ್ಲಿ, ಯಾರೋ ನನ್ನ ಕತ್ತಿನ ಹಿಂದೆ ತಣ್ಣನೆಯ ಕೈ ಇಟ್ಟಂತೆ, ಒಂದು ವಿಷಯ ಹೊಳೆಯಿತು.

ನಮ್ಮಲ್ಲಿ ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತದೆ. ಬಂದಾಗಲೆಲ್ಲ ಈ ಮೆಷಿನ್ನು ಬಿಟ್ಟ ಕಡೆಯಿಂದಲೇ ಮುಂದುವರಿಯುತ್ತದೆ. ಹಿತ್ತಿಲಲ್ಲಿ ಕೂತು ಓದುವಾಗ ಎಷ್ಟು ಸಲ ನೋಡಿದ್ದೇನೆ, ಸುಮ್ಮನಿದ್ದದ್ದು ಇದ್ದಕ್ಕಿದ್ದ ಹಾಗೆ ಕುಲುಕಿಕೊಂಡು ಎದ್ದು ಬಿಡುತ್ತದೆ. ಇದು ಈಗ ಎಲ್ಲಿ ನಿಂತಿದೆ? ಒಗೆದದ್ದು ಮುಗಿದಿದೆ. ನೀರು ಹೊರಗೆ ಹೋಗಿದೆ. ನೀರು ಹೋಗಿಲ್ಲ ಎಂದುಕೊಂಡು ಕಾಯುತ್ತ ನಿಂತಿದೆ. ನೀರು ಹೋಯಿತು ಎಂದು ಗೊತ್ತಾದ ಗಳಿಗೆಯಲ್ಲಿ ಅದು ಬೀಗ ತೆಗೆಯುವುದಿಲ್ಲ. ಹಿಂಡುತ್ತದೆ. ಇಡೀ ಹಿತ್ತಿಲು ನಡುಗುವ ಹಾಗೆ ಗಿರಗಿರನೆ ತಿರುಗಿಸಿ ಬಟ್ಟೆಯನ್ನು ಉಕ್ಕಿನ ಗೋಡೆಗೆ ಬಡಿದು ಹಿಂಡುತ್ತದೆ.

ಇಷ್ಟು ಹೊತ್ತು ಲಿಂಗವನ್ನು ಉಳಿಸಿದ್ದು ಆ ತಪ್ಪು ಲೆಕ್ಕವೇ. ಈಗ ಅದನ್ನು ನಾವು ಸರಿಮಾಡಲು ಹೊರಟಿದ್ದೇವೆ.

ಬೇಡ ಅನ್ನಬೇಕು. ಬಾಯಿ ತೆರೆದೆ. ದನಿ ಬರಲಿಲ್ಲ. ಅವರು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುವವರು. ನಾನು ಹೇಳುವುದು ತಪ್ಪಾದರೆ? ಸರಿಯಾಗಿದ್ದು ಹೇಳದೆ ಹೋದರೆ? ಅವರ ಬೆರಳು ಸ್ವಿಚ್ಚಿಗೆ ತಾಗುವ ಮುಂಚೆ ನನ್ನ ಅಂಗೈಯನ್ನು ಅದರ ಮೇಲೆ ಇಟ್ಟುಬಿಟ್ಟೆ.

"ಏನವ್ವ? ಒದ್ದೆ ಕೈ! ತೆಗಿ ತೆಗಿ!"

"ಹಿಂಡುತ್ತೆ," ಅಂದೆ.

"ಏನು?"

"ಖಾಲಿ ಅಂತ ಗೊತ್ತಾದ ತಕ್ಷಣ ಹಿಂಡುತ್ತೆ. ಬಿಟ್ಟ ಕಡೆಯಿಂದ ಶುರು ಮಾಡುತ್ತೆ ಇದು. ಒಳಗೆ ಲಿಂಗ ಇದೆ."

ಪ್ರೇಮ್‌ಕುಮಾರ್ ಕೈ ಹಿಂದಕ್ಕೆ ತೆಗೆದುಕೊಂಡರು. "ಹಂಗೇನಾರ ಆದ್ರೆ ತಕ್ಷಣ ಆಫ್ ಒತ್ಬುಡ್ತೀನಿ ಕಣವ್ವ."

"ಆಫ್ ಒತ್ತಿದೆ. ಕೇಳಲಿಲ್ಲ. ಗೋಡೆ ಸ್ವಿಚ್ಚು ಆರಿಸಿದರೂ ತಿರುಗಿದ್ದು ನಿಲ್ಲೋ ಹೊತ್ತಿಗೆ..." ಗಾಜಿನಾಚೆಯ ಸೀರೆಗೆ ಕೈ ತೋರಿಸಿದೆ. "ಡ್ರಮ್ಮು ತಿರುಗದೇ ಇರೋ ಹಾಗೆ ಮಾಡಕ್ಕಾಗಲ್ವಾ?"

ಅವರು ಗಡ್ಡ ಕೆರೆದುಕೊಂಡರು. "ಹಿಂದ್ಗಡೆ ಬಿಚ್ಚಿ ಬೆಲ್ಟು ಕಳಚ್ಬೋದು. ಮೋಟ್ರು ತಿರುಗಿದ್ರೂ ಡ್ರಮ್ಮು ತಿರುಗಾಕಿಲ್ಲ. ಆದ್ರೆ ಹೊತ್ತು ಹಿಡಿತದೆ."

"ಹೊತ್ತೆಲ್ಲದೆ!" ಅತ್ತೆ ನಡುಮನೆಯ ಬಾಗಿಲಿಂದ ಕೂಗಿದರು. "ಅವ್ವನ ಕೈ ನಡುಗ್ತಾ ಅದೆ ಕಣೇ ಅರ್ಪಿತ! ಮಾತು ತೊದಲ್ತಾವ್ರೆ! ಸ್ವಿಚ್ಚು ಹಾಕ್ಸೇ!"

ಸ್ವಿಚ್ಚಿನ ಮೇಲೆ ನನ್ನ ಕೈ ಇತ್ತು. ಒಂದು ಕಡೆ ಅಜ್ಜಿಯ ಉಸಿರು, ಇನ್ನೊಂದು ಕಡೆ ಅಜ್ಜಿ ಯಾವುದಕ್ಕಾಗಿ ಉಸಿರು ಹಿಡಿದು ಕೂತಿದ್ದಾಳೋ ಅದು. ಒಡೆದ ಲಿಂಗವನ್ನು ಬೇಗ ಕೊಟ್ಟು ಏನು ಉಪಯೋಗ? ತಡವಾಗಿ ಕೊಟ್ಟರೆ ಈಸಿಕೊಳ್ಳಲು ಅಜ್ಜಿ ಇರುತ್ತಾಳೆಯೇ? ಹೀಗೆ ಯೋಚಿಸುವುದೂ ಹೊತ್ತು ಕಳೆಯುವುದೇ.

"ಬೆಲ್ಟು ತೆಗೀರಿ," ಅಂದೆ. ಅದು ನನ್ನ ದನಿ ಎಂದು ನನಗೇ ನಂಬಿಕೆ ಬರಲಿಲ್ಲ.

ಪ್ರೇಮ್‌ಕುಮಾರ್ ಆಮೇಲೆ ಒಂದೂ ತಮಾಷೆ ಮಾಡಲಿಲ್ಲ. ಅವರೂ ಮರಿಯಯ್ಯನೂ ಸೇರಿ ಮೆಷಿನ್ನನ್ನು ಗೋಡೆಯಿಂದ ಮುಂದಕ್ಕೆ ಎಳೆದರು. ತಗಡಿನ ಒಂದೊಂದು ಸ್ಕ್ರೂ ಬಿಚ್ಚಿ ನನ್ನ ಅಂಗೈಗೆ ಹಾಕುತ್ತ ಹೋದರು. ಒಂದು ತುಕ್ಕು ಹಿಡಿದು ಬರಲಿಲ್ಲ. ಅದಕ್ಕೆ ಎಣ್ಣೆ ಬಿಟ್ಟು ಕಾದರು. ಒಳಗಿನಿಂದ ಅಜ್ಜಿ ಯಾರನ್ನೋ ಕರೆದಳು. ನನ್ನ ಹೆಸರಲ್ಲ, ಅತ್ತೆಯ ಹೆಸರೂ ಅಲ್ಲ. ಯಾವತ್ತೋ ತೀರಿಕೊಂಡ ತನ್ನ ಅಕ್ಕನನ್ನು ಕರೆಯುತ್ತಿದ್ದಳು. ನನ್ನ ಅಂಗೈಯ ಸ್ಕ್ರೂಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ಕೈ ಮುಷ್ಟಿ ಕಟ್ಟಿಕೊಂಡೆ.

ಬೆಲ್ಟು ಕಳಚಿ ಕೆಳಗೆ ಬಿತ್ತು.

"ಹಾಕವ್ವ ಸ್ವಿಚ್ಚು. ನೀನೇ ಹಾಕು."

ಹಾಕಿದೆ. ದೀಪಗಳು ಹತ್ತಿದವು. ಕೆಂಪಕ್ಷರಗಳು ಒಮ್ಮೆ ಮಿನುಗಿ ಮಾಯವಾದವು. ಪಂಪು ಗೊರಗೊರ ಅಂದು ನಿಂತಿತು. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಮೆಷಿನ್ನಿನ ಹೊಟ್ಟೆಯೊಳಗಿಂದ ಮೋಟರು ಮೊರೆಯಿತು. ಮೊರೆತ ಏರಿತು, ಇನ್ನೂ ಏರಿತು, ಶಿಳ್ಳೆಯಷ್ಟು ಸಪೂರವಾಯಿತು. ಗಾಜಿನಾಚೆ ಹಸಿರು ಸೀರೆ ಇದ್ದಲ್ಲೇ ಇತ್ತು.

ಪ್ರೇಮ್‌ಕುಮಾರ್ ನನ್ನ ಕಡೆ ನೋಡಿದರು. ಆಫ್ ಗುಂಡಿಯನ್ನು ಒತ್ತಿ ಹಿಡಿದರು. ದೋಷ ಹೋದ ಮೇಲೆ ಗುಂಡಿಯೂ ಮಾತು ಕೇಳಿತು. ಮೋಟರಿನ ಮೊರೆತ ಅಡಗಿದ ಮೇಲೆ ಟಕ್ ಎಂದು ಬೀಗ ಬಿಟ್ಟಿತು.

ಯಾರೂ ಒಳಗೆ ಕೈ ಹಾಕಲಿಲ್ಲ. ಅದು ಅಜ್ಜಿಯದು. ಅತ್ತೆಯೂ ನಾನೂ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಕುರ್ಚಿಯ ಸಮೇತ ಎತ್ತಿಕೊಂಡು ಬಂದೆವು. ಪ್ರೇಮ್‌ಕುಮಾರ್ ಚಪ್ಪಲಿ ಬಿಟ್ಟು ಗೋಡೆ ಕಡೆ ಸರಿದು ನಿಂತರು. ಅಜ್ಜಿಯ ತಲೆ ನನ್ನ ತೋಳಿಗೆ ಒರಗಿತ್ತು. ಕಣ್ಣು ಎಲ್ಲೋ ನೋಡುತ್ತಿತ್ತು. ಅವಳ ಕೈಯನ್ನು ಹಿಡಿದು ಬಾಗಿಲ ಅಂಚಿಗೆ ಇಟ್ಟೆ. ಕೈಗೆ ಮಾತ್ರ ಎಲ್ಲ ಗೊತ್ತಿತ್ತು. ಒದ್ದೆ ಸೀರೆಯ ಮಡಿಕೆಗಳಲ್ಲಿ ತಡಕುತ್ತ ಹೋಗಿ ಒಂದು ಕಡೆ ನಿಂತಿತು. ಗಂಟು ಬಿಗಿದುಕೊಂಡಿತ್ತು. ಬಿಚ್ಚಲಾಗದೆ ಹಲ್ಲಿನಿಂದ ಕಚ್ಚಿ ಎಳೆದಳು. ವಸ್ತ್ರ ಬಿಚ್ಚಿತು.

ಕಪ್ಪು ಲಿಂಗ ಅಂಗೈ ಮೇಲೆ ಬಂತು.

ಅಜ್ಜಿ ಅದನ್ನು ನೋಡಲಿಲ್ಲ. ಹೆಬ್ಬೆರಳಿನಿಂದ ಸವರಿದಳು. ಸುತ್ತ, ಮೇಲೆ, ಮತ್ತೆ ಸುತ್ತ. ಹೆಬ್ಬೆರಳು ಒಂದು ಜಾಗದಲ್ಲಿ ನಿಂತಿತು. ದಾಟಿ ಹೋಯಿತು. ಸುತ್ತಿ ಬಂದು ಅಲ್ಲೇ ಮತ್ತೆ ನಿಂತಿತು.

ಆಗ ಅಜ್ಜಿ ತಲೆಯೆತ್ತಿ ನನ್ನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು ಅನ್ನಿಸಿತು.

"ಮ್ಯಾಗಿನ ಕಪ್ಪು ಚೂರು ಎದ್ದದೆ," ಅಂದಳು. ನಾಲಿಗೆ ತೊದಲುತ್ತಿತ್ತು. "ಅದು ಬರೀ ಲೇಪ. ಒಳಗಿನ್ದು ನೆಟ್ಟಗದೆ."

"ಹೇಗೆ ಗೊತ್ತಜ್ಜಿ?"

"ನಂಗೆ ಗೊತ್ತಾಗ್ದೆ ಇನ್ಯಾರ್ಗೆ ಗೊತ್ತಾದದು? ನೀರು ತಾ."

ನೀರೆರೆದು ತೊಳೆದು, ಹಣೆಗೆ ವಿಭೂತಿ ಎಳೆದುಕೊಂಡು, ಅಂಗೈಯನ್ನು ಕಣ್ಣ ಮಟ್ಟಕ್ಕೆ ಹಿಡಿದಳು. ಅಲ್ಲೇ, ಹಿತ್ತಿಲಲ್ಲಿ, ಬಿಚ್ಚಿಟ್ಟ ಮೆಷಿನ್ನಿನ ಮುಂದೆ, ಅವಳ ಜೀವನದ ಅತಿ ಚಿಕ್ಕ ಪೂಜೆ. ಅತ್ತೆ ಮೊಣಕೈ ಹಿಡಿದುಕೊಂಡಿದ್ದರು. ತೀರ್ಥ ಕುಡಿದಳು. ನಾನು ಸಕ್ಕರೆ ನೀರಿನ ಲೋಟವನ್ನು ತುಟಿಗೆ ಹಿಡಿದೆ. ಗಟಗಟ ಕುಡಿದಳು, ಇನ್ನೊಂದು ಲೋಟವನ್ನೂ ಕುಡಿದಳು. ಸ್ವಲ್ಪ ಹೊತ್ತಿಗೆ ಬೆವರು ಆರಿತು. "ಅನ್ನ ಆರೋಯ್ತೇನೋ," ಎಂದು ಅತ್ತೆಯನ್ನು ಕೇಳಿದಳು. ಅತ್ತೆ ಆಗ ಅತ್ತರು.

ಪ್ರೇಮ್‌ಕುಮಾರ್ ಕಪ್ಪು ಟ್ಯೂಬನ್ನು ಪೂರ್ತಿ ಬಿಡಿಸಿ ಬಾಯಿಟ್ಟು ಊದಿದರು. ಮೂರನೇ ಸಲಕ್ಕೆ ಬೂದುಬಣ್ಣದ ಒಂದು ತುಣುಕು, ಸೀಸದ ಕಡ್ಡಿಯ ತುದಿಯ ಹಾಗೆ, ನೆಲಕ್ಕೆ ಬಿತ್ತು. ಬೆರಳಲ್ಲಿ ಉಜ್ಜಿ ಮೂಸಿದರು.

"ಸೋಪು. ಬೋರ್‌ವೆಲ್ ನೀರಿನ ಸುಣ್ಣ. ಜೊತೆಗೆ... ಅಕ್ಕ, ಪೂಜೆ ವಸ್ತ್ರಗಳ್ನ ಇದ್ರಲ್ಲೇ ಒಗಿತೀರಾ?"

"ಹೂಂ. ದಿನಾ."

"ವಿಭೂತಿ ಕಣಕ್ಕ ಇದು. ಒಗ್ದು ಒಗ್ದು ತಳದಲ್ಲಿ ಕೂತ್ಕಂಡು ಗಾರೆ ಆಗದೆ. ಇನ್ಮೇಲೆ ಕೈಯಲ್ಲಿ ಜಾಲಿಸಿ ಹಾಕಿ."

ಅತ್ತೆ ಆ ತುಣುಕನ್ನು ಗುಡಿಸಲು ಹೋದವರು ಪೊರಕೆಯನ್ನು ಅಲ್ಲೇ ಬಿಟ್ಟರು. ವಿಭೂತಿಯನ್ನು ಕಸಕ್ಕೆ ಹಾಕುವುದು ಹೇಗೆ? ಕಾಗದದಲ್ಲಿ ಎತ್ತಿಕೊಂಡು ಹೋಗಿ ಬಿಲ್ವದ ಗಿಡದ ಬುಡಕ್ಕೆ ಹಾಕಿ ಬಂದರು.

ಸಂಜೆ ಮಾವ ಬಂದರು, ಎಲ್ಲವನ್ನೂ ಕೇಳಿದರು, ನನ್ನ ತಲೆ ಸವರಿದರು. ಅತ್ತೆ ಅಕ್ಕಪಕ್ಕದವರಿಗೆಲ್ಲ ನಾನು ಸ್ವಿಚ್ಚಿಗೆ ಕೈ ಅಡ್ಡ ಹಿಡಿದದ್ದನ್ನು ಹೇಳುತ್ತಿದ್ದಾರೆ. ನಾನು ಕೋಣೆ ಸೇರಿಕೊಂಡಿದ್ದೇನೆ. ಅಜ್ಜಿ ಪಕ್ಕದಲ್ಲೇ ಮಲಗಿದ್ದಾಳೆ. ಉಸಿರಿಗೆ ಕರಡಿಗೆ ಅವಳ ಎದೆಯ ಮೇಲೆ ಏರಿ ಇಳಿಯುತ್ತಿದೆ.

ಹೆಬ್ಬೆರಳು ಎರಡನೇ ಸಲ ನಿಂತದ್ದನ್ನು ಅತ್ತೆ ನೋಡಲಿಲ್ಲ. ನಾನು ನೋಡಿದೆ. ಬರೀ ಲೇಪ ಎದ್ದಿದ್ದರೆ ಅಷ್ಟು ಹೊತ್ತು ನನ್ನ ಮುಖ ನೋಡಬೇಕಿತ್ತೆ? ಅವಳು ಹೇಳಿದ್ದು ಲಿಂಗವನ್ನು ಮುಟ್ಟಿ ತಿಳಿದೋ, ನನ್ನ ಮುಖವನ್ನು ನೋಡಿಯೋ?

ಬರುವ ಸೋಮವಾರ ಮಠಕ್ಕೆ ಹೋಗಬೇಕಂತೆ. ಅಲ್ಲಿ ಹಳೆಯ ಕಪ್ಪನ್ನು ಪೂರ್ತಿ ತೆಗೆದು ಹೊಸದಾಗಿ ಲೇಪ ಮಾಡಿಕೊಡುತ್ತಾರೆ. ತೆಗೆದಾಗ ಒಳಗಿನದು ಕಾಣುತ್ತದೆ. "ನೀನೇ ಬಾ ಜೊತೇಲಿ, ಬ್ಯಾರೆ ಯಾರೂ ಬ್ಯಾಡ," ಅಂದಿದ್ದಾಳೆ ಅಜ್ಜಿ. ಅವಳಿಗೆ ಹೆದರಿಕೆ ಇದ್ದಂತೆ ಕಾಣುವುದಿಲ್ಲ. ಇದ್ದರೂ ನನಗೆ ತೋರಿಸುತ್ತಿಲ್ಲ.